ಖಾಲಿ ಬಿದ್ದ ಹೆಸರು

ಬಾಸ್ಟನ್
೩ ಏಪ್ರಿಲ್ ೧೭೭೫

ಪ್ರೀತಿಯ ಅಕ್ಕ,

ಈ ಕಾಗದ ನಿನ್ನ ಕೈ ಸೇರುವಾಗ ನನ್ನ ಕೆಜಾಯಾಳೂ ನಿನ್ನ ಕೈಯಲ್ಲಿರುತ್ತಾಳೆ. ಗಾಡಿಯ ಸೈಲಸ್‌ನ ಹೆಂಡತಿ ಎಲ್ಮ್‌ಬರಿಯವರೆಗೂ ಮಡಿಲಿನಿಂದ ಇಳಿಸುವುದಿಲ್ಲವೆಂದು ಆಣೆ ಇಟ್ಟು ಕರೆದೊಯ್ಯುತ್ತಿದ್ದಾಳೆ. ಎಂಟು ತಿಂಗಳ ಕೂಸನ್ನು ಬೆಣ್ಣೆಯ ಗಡಿಗೆಯ ಹಾಗೆ ಗಾಡಿಗೆ ಏರಿಸಿ ಕಳಿಸುತ್ತಾರೆಯೇ ಎಂದು ನೀನು ಬೈಯುತ್ತೀ. ಬೈದುಕೋ. ಮೊನ್ನೆ ಹಾಡುಹಗಲು ನಮ್ಮ ಕಿಟಕಿ ಒಡೆದು ಬಂದ ಕಲ್ಲು ತೊಟ್ಟಿಲಿನ ಕಾಲ ಬುಡದಲ್ಲಿ ಬಿತ್ತು. ಒಂದು ಗೇಣು ಆಚೆ ಬಿದ್ದಿದ್ದರೆ ಈ ಕಾಗದ ಬರೆಯುವ ಕೆಲಸವೇ ಇರುತ್ತಿರಲಿಲ್ಲ. ನಮ್ಮ ಮನೆಯವರು ಗಿಲ್ಬರ್ಟ್ ಸುಂಕದ ಕಚೇರಿಯಲ್ಲಿ ಗುಮಾಸ್ತರಾಗಿರುವುದು ಅಷ್ಟು ದೊಡ್ಡ ಅಪರಾಧವಂತೆ. ರಾಜನ ಸುಂಕ ಬರೆದುಕೊಳ್ಳುವ ಕೈಯನ್ನು ಕತ್ತರಿಸಬೇಕೆಂದು ನಮ್ಮ ಬಾಗಿಲಿನ ಮೇಲೆಯೇ ಬರೆದು ಹೋಗಿದ್ದಾರೆ.

ಜ್ವರ ಬಂದು ನನ್ನ ಹಾಲು ಬತ್ತಿತು. ಊರಲ್ಲಿ ಸಿಪಾಯಿಗಳೇ ತುಂಬಿದ್ದಾರೆ, ಹಸುವಿನ ಹಾಲು ಮಾರುವವರು ಒಳಗೇ ಬರುತ್ತಿಲ್ಲ. ನಿನ್ನ ಕೂಸು ಡಾರ್ಕಸ್ ತೀರಿಹೋಗಿ ಮೂರು ವಾರವಾಯಿತು. ನಿನ್ನ ಹಾಲು ಸುಮ್ಮನೆ ಹರಿದುಹೋಗುತ್ತಿದೆ, ನನ್ನ ಮಗು ಹಸಿದು ಅಳುತ್ತಿದೆ. ಬರೆದ ಮೇಲೆ ಈ ಸಾಲನ್ನು ಓದಿ ನಾಚಿಕೆಯಾಯಿತು. ಆದರೂ ಹೊಡೆದುಹಾಕುವುದಿಲ್ಲ, ನಿನ್ನ ಹತ್ತಿರ ನನಗೇನು ಮುಚ್ಚುಮರೆ.

ಡಾರ್ಕಸ್ ಎಂಬ ಹೆಸರನ್ನು ಜೋಪಾನ ಮಾಡು. ಮುಂದೆ ಹುಟ್ಟುವ ಹೆಣ್ಣಿಗೆ ಬೇಕಾಗುತ್ತದೆ. ಅಪ್ಪ ಮಾಡಿದ್ದು ಹಾಗೆಯೇ ಅಲ್ಲವೆ? ಇಬ್ಬರು ಜೆರೂಶಾಗಳು ಮಣ್ಣಿಗೆ ಹೋದ ಮೇಲೆ ನಾನು ಮೂರನೆಯ ಜೆರೂಶಾ ಆದೆ. ಬೇರೆಯವರು ಬದುಕಿರುವ ಅತ್ತೆಯ ಹೆಸರು, ಅಜ್ಜಿಯ ಹೆಸರು ಇಡುತ್ತಾರೆ. ಅಪ್ಪ ಪಾದ್ರಿಯಾಗಿ ಇದ್ದಷ್ಟು ದಿನ ನಮ್ಮ ಮನೆತನದಲ್ಲಿ ಮಾತ್ರ ಅದಕ್ಕೆ ಒಪ್ಪಲಿಲ್ಲ. ಚಿಕ್ಕಪ್ಪ ತನ್ನ ಮಗಳಿಗೆ ಬದುಕಿದ್ದ ಹಿರಿಯತ್ತೆಯ ಹೆಸರಿಡಲು ಹೋದಾಗ, ‘ಉಸಿರಾಡ್ತಿರೋರನ್ನ ಹೂಳ್ಬೇಡ ಕಣೋ, ಹೆಸರು ಖಾಲಿ ಆಗೋವರ್ಗೂ ಕಾಯಿ’ ಎಂದು ಎಲ್ಲರೆದುರು ಗದರಿದ್ದು ನೆನಪಿದೆಯೆ? ನೀನೂ ನಾನೂ ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕಿದ್ದೆವು.

ಸ್ಟ್ರಾಬೆರಿ ಹಣ್ಣಾಗುವ ಹೊತ್ತಿಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಎಡ ಮಗ್ಗುಲಿಗೆ ಮಲಗಿಸಿದರೆ ಬೇಗ ನಿದ್ದೆ ಮಾಡುತ್ತಾಳೆ. ನನಗಂತೂ ನಿದ್ದೆ ಎನ್ನುವುದೇ ಮರೆತುಹೋಗಿದೆ.

ನಿನ್ನ ತಂಗಿ
ಜೆರೂಶಾ


ಎಲ್ಮ್‌ಬರಿ
೯ ಮೇ ೧೭೭೫

ಪ್ರೀತಿಯ ಜೆರೂಶಾ,

ಈ ಕಾಗದಕ್ಕೆ ಅರಗಿನ ಮುದ್ರೆ ಇಲ್ಲ. ಬಾಸ್ಟನ್ನಿಗೆ ಹೋಗುವ, ಅಲ್ಲಿಂದ ಬರುವ ಕಾಗದವನ್ನೆಲ್ಲ ಇನ್ನು ಮೇಲೆ ಊರಿನ ಸಮಿತಿ ಓದಿಯೇ ಬಿಡುವುದು. ನಮ್ಮ ಪ್ರಾರ್ಥನಾ ಮಂದಿರದ ಹಿರಿಯರು, ಡೀಕನ್ ಪ್ರೌಟ್, ಈಗ ಆ ಸಮಿತಿಗೆ ಓದುಗರು. ನಿನ್ನೆ ಒಂದು ಕಾಗದ ಬರೆದು ಒಯ್ದಿದ್ದೆ. ಕನ್ನಡಕ ಏರಿಸಿ ಇಡೀ ಕಾಗದವನ್ನು ಜೋರಾಗಿ ಓದಿ, ‘ಏನಮ್ಮ ಹಲ್ಡಾ, ಮಗೂಗೆ ಎಷ್ಟು ಹಲ್ಲು ಬಂದಿದೆ ಅಂತ ಶತ್ರುಗೆ ಯಾಕೆ ಲೆಕ್ಕ ಕೊಡ್ತಿದ್ದೀ?’ ಎಂದರು. ಮದ್ಯದಂಗಡಿಯ ಬಾಗಿಲಲ್ಲಿದ್ದ ಗಂಡಸರೆಲ್ಲ ನಕ್ಕರು. ಅದಕ್ಕೇ ಇದು ಎರಡನೆಯ ಕಾಗದ.

ನಿಮ್ಮ ಕಡೆಯಿಂದ ಬರುವುದನ್ನು ವಿನೆಗರಿನಲ್ಲಿ ಅದ್ದಿ ಒಣಗಿಸಿ ಕೊಡುತ್ತಾರೆ. ಸಿಡುಬು ಬಿದ್ದ ಮನೆಯ ಕಾಗದವೆಂದು ತಿಳಿದರೆ ಓದುವುದೂ ಇಲ್ಲ, ಒಲೆಗೆ ಹಾಕುತ್ತಾರೆ.

ಏಪ್ರಿಲ್ ಹತ್ತೊಂಬತ್ತರಂದು ರಾಜನ ಸಿಪಾಯಿಗಳು ಹೊರಟು ಬಂದರೆಂದು ಗಂಟೆ ಬಡಿದಾಗ ನಿನ್ನ ಭಾವ ಎನೋಸ್ ಜೋಳದ ಗಂಜಿಯ ಬಟ್ಟಲನ್ನು ಅರ್ಧಕ್ಕೆ ಬಿಟ್ಟು ಬಂದೂಕು ಎತ್ತಿಕೊಂಡು ಓಡಿದರು. ಅದುವರೆಗೆ ಪೀಪಾಯಿಗೆ ಬಳೆ ತೊಡಿಸುವ ಸುತ್ತಿಗೆ ಬಿಟ್ಟು ಬೇರೇನನ್ನೂ ಹಿಡಿದವರಲ್ಲ. ಒಂಬತ್ತು ದಿನಕ್ಕೆ ತಿರುಗಿ ಬಂದರು. ಜೊತೆಗೆ ಹೋದವರಲ್ಲಿ ಇಬ್ಬರು ಬರಲಿಲ್ಲ. ಯಾರೆಂದು ಬರೆಯುವುದಿಲ್ಲ, ನೀನು ಇಬ್ಬರನ್ನೂ ಬಲ್ಲೆ.

ಮಗು ಮೂರು ದಿನ ನನ್ನ ಎದೆಗೆ ಬಾಯಿ ಹಾಕಲಿಲ್ಲ. ನಾಲ್ಕನೆಯ ದಿನ ಹಾಕಿದಳು. ಇದಕ್ಕಿಂತ ಹೆಚ್ಚು ಬರೆಯಲಾರೆ, ಡೀಕನ್ ಓದಬೇಕಲ್ಲ.

ಹೆಂಗಸರಿಗೆ ಹೊರಬರಲು ಚೀಟಿ ಕೊಡುತ್ತಾರಂತೆ. ಚೀಟಿ ಪಡೆದು ಬಂದುಬಿಡು. ಗಿಲ್ಬರ್ಟ್ ಬರುವುದು ಬೇಡ, ಅವನನ್ನು ಇಲ್ಲಿಯ ಜನ ಬಿಡುವುದಿಲ್ಲ. ನೀನು ಮಾತ್ರ ಬಾ.

ಹಲ್ಡಾ


ಬಾಸ್ಟನ್
೧೮ ಡಿಸೆಂಬರ್ ೧೭೭೫

ಅಕ್ಕ,

ಸ್ಟ್ರಾಬೆರಿ ಹಣ್ಣಾಯಿತು, ಸೇಬು ಹಣ್ಣಾಯಿತು, ಈಗ ಹಿಮ ಬಿದ್ದಿದೆ. ನಾನು ಬರಲಿಲ್ಲ. ಸ್ವಲ್ಪ ಜ್ವರ ಬಂದು ಕೆಲವು ವಾರ ಮಲಗಿದ್ದೆ, ಈಗ ವಾಸಿಯಾಗಿದೆ. ಹೇಳುವಂಥದ್ದೇನೂ ಅಲ್ಲ.

ನಿಮ್ಮವರು ಸುತ್ತಲೂ ಕೂತು ನಮ್ಮ ಉಸಿರು ಕಟ್ಟಿಸಿದ್ದಾರೆ. ಸೌದೆ ಇಲ್ಲ. ಪ್ರಾರ್ಥನಾ ಮಂದಿರದ ಬೆಂಚುಗಳನ್ನು ಒಡೆದು ಉರಿಸಿದೆವು. ಅಮ್ಮ ಇಲ್ಲಿ ನನ್ನ ಜೊತೆ ಇದ್ದಾಗ ಕೂರುತ್ತಿದ್ದ ಬೆಂಚನ್ನು ಗುರುತು ಹಿಡಿದೆ, ಆದರೂ ಅದರ ಮುಂದೆಯೇ ಕೂತು ಚಳಿ ಕಾಯಿಸಿಕೊಂಡೆ. ಉಪ್ಪು ಹಾಕಿದ ಮಾಂಸ ಯಾವ ಪ್ರಾಣಿಯದೆಂದು ಯಾರೂ ಕೇಳುವುದಿಲ್ಲ.

ಒಂದೇ ಒಂದು ಉಪಕಾರ ಮಾಡು. ಜನವರಿ ಹತ್ತಕ್ಕೆ ಮಧ್ಯಾಹ್ನ ರಾಕ್ಸ್‌ಬರಿ ಕಡೆಯ ಕಾವಲು ಸಾಲಿನ ಹತ್ತಿರ ಭಾವ ಕೆಜಾಯಾಳನ್ನು ಎತ್ತಿ ಹಿಡಿದು ತೋರಿಸಲಿ. ನಾನು ಈ ಕಡೆ ಕೆಂಪು ಶಾಲು ಹೊದ್ದು ನಿಂತಿರುತ್ತೇನೆ. ಹತ್ತಿರ ಬರುವುದಿಲ್ಲ. ಅವಳನ್ನು ನನ್ನ ಕೈಗೆ ಕೊಡುವುದೂ ಬೇಡ, ನಾನು ಮುಟ್ಟುವುದಿಲ್ಲ. ದೂರದಿಂದ ನೋಡಿ ತಿರುಗಿ ಹೋಗುತ್ತೇನೆ.

ಕಾಲು ಬಂದಿದೆಯೆ? ಏನೆಂದು ಮಾತಾಡುತ್ತಾಳೆ?

ಜೆರೂಶಾ


ಎಲ್ಮ್‌ಬರಿ
೨೨ ಜನವರಿ ೧೭೭೬

ಜೆರೂಶಾ,

ನಾವು ಬರಲಿಲ್ಲ. ನೀನು ಚಳಿಯಲ್ಲಿ ನಿಂತಿದ್ದೆಯೋ ಏನೋ. ನಿಂತಿದ್ದರೆ ಕ್ಷಮಿಸು.

ಮುಟ್ಟುವುದಿಲ್ಲ, ದೂರದಿಂದ ನೋಡುತ್ತೇನೆ ಎಂದು ಬರೆದಿದ್ದೀ. ಮಗು ಅಂಗಡಿಯ ಗೊಂಬೆಯೆ? ‘ಎತ್ಕೊಳ್ಳೋಕೂ ಬೇಡ್ವಂತೆ ನಿನ್ ತಂಗೀಗೆ, ಬರೀ ನೋಡೋಕೆ ಬೇಕಂತೆ!’ ಎಂದರು ಎನೋಸ್. ನವೆಂಬರಿನಲ್ಲಿ ಮುನ್ನೂರು ಜನ ಬಾಸ್ಟನ್ನಿಂದ ಹೊರಗೆ ಬಂದರು, ಹೆಚ್ಚಿನವರು ಹೆಂಗಸರು. ಆ ಪಟ್ಟಿಯನ್ನು ಡೀಕನ್ ಹತ್ತಿರ ಎರಡು ಸಲ ಓದಿಸಿದೆ. ನಿನ್ನ ಹೆಸರಿರಲಿಲ್ಲ. ಗಂಡನನ್ನು ಬಿಟ್ಟು ಬರಲಾರದವಳು ಮಗುವನ್ನು ಮಾತ್ರ ಬಿಟ್ಟಿರಬಲ್ಲೆ ಎಂದು ತಿಳಿದುಕೊಂಡೆ.

ಕಾಲು ಬಂದಿದೆ. ಮಾತೂ ಬಂದಿದೆ. ಏನು ಮಾತೆಂದು ಕೇಳಬೇಡ.

ಹಲ್ಡಾ


ನ್ಯಾಂಟಾಸ್ಕೆಟ್ ಬಳಿ, ಹಡಗಿನಲ್ಲಿ
೨೪ ಮಾರ್ಚ್ ೧೭೭೬

ಅಕ್ಕ,

ಬಾಸ್ಟನ್ ನಿಮ್ಮದಾಯಿತು. ನಾವು ಪೀಪಾಯಿಯೊಳಗಿನ ಮೀನಿನ ಹಾಗೆ ಈ ಹಡಗಿನಲ್ಲಿ ಒತ್ತಿಕೊಂಡು ಬಿದ್ದಿದ್ದೇವೆ. ಹ್ಯಾಲಿಫ್ಯಾಕ್ಸಿಗೆ ಒಯ್ಯುತ್ತಾರಂತೆ. ಗಿಲ್ಬರ್ಟ್ ಕಚೇರಿಯ ಮುದ್ರೆಯನ್ನು ಎದೆಗವಚಿಕೊಂಡು ಕೂತಿದ್ದಾರೆ, ಅದನ್ನು ಒತ್ತಿಸಿಕೊಳ್ಳುವ ಊರೇ ಈಗ ಅವರಿಗಿಲ್ಲ. ನಾನು ತಂದದ್ದು ಕೆಜಾಯಾಳ ಒಂದು ಟೊಪ್ಪಿ. ಅದರ ಲಾಡಿಯ ಹತ್ತಿರ ಇನ್ನೂ ಹಾಲಿನ ವಾಸನೆ ಇದೆಯೆಂದು ನನಗನಿಸುತ್ತದೆ, ಗಿಲ್ಬರ್ಟ್ ಇಲ್ಲವೆನ್ನುತ್ತಾರೆ.

ಜನವರಿ ಹತ್ತಕ್ಕೆ ನಿಂತಿದ್ದೆ. ಕತ್ತಲಾಗುವವರೆಗೆ ನಿಂತಿದ್ದೆ. ನಿನ್ನ ಮೇಲೆ ಸಿಟ್ಟಿಲ್ಲ. ನೀನು ಬರದಿದ್ದದ್ದೇ ಒಳ್ಳೆಯದಾಯಿತೆಂದು ಒಂದೊಂದು ಸಲ ಅನಿಸುತ್ತದೆ. ಯಾಕೆಂದು ಈಗ ಬರೆಯಲಾರೆ.

ಚಳಿಗಾಲದೊಳಗೆ ಈ ಗಲಾಟೆ ಮುಗಿಯುತ್ತದೆ. ಅವಳಿಗೆ ನನ್ನ ಹೆಸರು ಹೇಳಿಕೊಡು.

ಜೆರೂಶಾ


ಎಲ್ಮ್‌ಬರಿ
೧೨ ಆಗಸ್ಟ್ ೧೭೭೬

ಪ್ರೀತಿಯ ಜೆರೂಶಾ,

ನಿನ್ನೆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳು ಫಿಲಡೆಲ್ಫಿಯಾದಿಂದ ಬಂದ ಘೋಷಣೆಯನ್ನು ಓದಿದರು. ಇನ್ನು ನಾವು ರಾಜನ ಹದಿಮೂರು ವಸಾಹತುಗಳಲ್ಲ, ನಮ್ಮಷ್ಟಕ್ಕೆ ನಾವೇ. ಓದಿ ಮುಗಿದಾಗ ಹಿಂದಿನ ಬೆಂಚಿನಿಂದ ಯಾರೋ ಕೂಗಿದರು, ಎಲ್ಲರೂ ಕೂಗಿದರು. ಎನೋಸ್ ಅತ್ತರು. ನಾನೂ ಅತ್ತೆ. ನನ್ನ ತೊಡೆಯ ಮೇಲೆ ಕೂತಿದ್ದವಳು ಎಲ್ಲರನ್ನೂ ನೋಡಿ ಚಪ್ಪಾಳೆ ತಟ್ಟಿದಳು. ಮದ್ಯದಂಗಡಿಯ ಮೇಲಿದ್ದ ರಾಜನ ಲಾಂಛನವನ್ನು ಇಳಿಸಿ ಸುಟ್ಟರು. ಡೀಕನ್ ಪ್ರೌಟ್ ತಮ್ಮ ವಯಸ್ಸು ಮರೆತು ಅದರ ಮೇಲೆ ಒಂದು ಸಲ ಜಿಗಿದು, ಸೊಂಟ ಉಳುಕಿಸಿಕೊಂಡು ಮನೆ ಸೇರಿದರು. (ಡೀಕನ್ ಈ ಸಾಲನ್ನು ಓದಿಯೂ ಬಿಟ್ಟಿದ್ದಾರೆ. ಆ ದಿನ ಹಾಗಿತ್ತು.)

ನೀನಿಲ್ಲಿ ಇರಬೇಕಿತ್ತು, ಜೆರೂಶಾ. ಅಪ್ಪ ಕಾಲೇಜಿಗೆ ತಯಾರು ಮಾಡುತ್ತಿದ್ದ ಹುಡುಗರ ಜೊತೆ ನಮ್ಮಿಬ್ಬರನ್ನೂ ಕೂರಿಸಿ ರಾಜರನ್ನು ಓಡಿಸಿದ ರೋಮಿನ ಚರಿತ್ರೆ ಓದಿಸಿದ್ದು ಯಾತಕ್ಕೆಂದು ನನಗೆ ನಿನ್ನೆ ತಿಳಿಯಿತು.

ಬೀದಿಯಲ್ಲಿ ಎನೋಸ್ ರಾಜನ ದೇಶದ ಮಾತೆತ್ತಿ ಎಲ್ಲರನ್ನೂ ಕೇಳುತ್ತಿದ್ದರು: ‘ತಾಯಿದೇಶ ತಾಯಿದೇಶ ಅಂತ ಬಡ್ಕೋತಿದ್ರಲ್ಲ, ಹಾಲು ಕುಡ್ಸಿದ್ದೆಷ್ಟು ಹೇಳ್ರೋ! ಹೆತ್ತ ಮಾತ್ರಕ್ಕೆ ತಾಯಿ ಆಗ್ಬಿಡ್ತಾಳಾ?’ ನನಗೂ ಆ ಮಾತು ಸರಿಯೆನಿಸಿತು.

ಹಲ್ಡಾ


ಹ್ಯಾಲಿಫ್ಯಾಕ್ಸ್
೬ ನವೆಂಬರ್ ೧೭೭೭

ಅಕ್ಕ,

ಘೋಷಣೆಯ ದಿನ ನೀನು ಬರೆದ ಕಾಗದ ಹದಿನಾಲ್ಕು ತಿಂಗಳು ಯಾರ ಯಾರ ಜೇಬಿನಲ್ಲಿತ್ತೋ, ಮೊನ್ನೆ ಬಂತು. ಹೆತ್ತ ಮಾತ್ರಕ್ಕೆ ತಾಯಿಯಾಗುವುದಿಲ್ಲ ಎಂಬುದು ದೇಶದ ಮಾತೇ ತಾನೆ, ಅಕ್ಕ? ಆ ಸಾಲನ್ನು ಎಷ್ಟು ಸಲ ಓದಿದೆನೆಂದರೆ ಮಡಿಕೆಯಲ್ಲಿ ಕಾಗದ ಹರಿದಿದೆ.

ಇಲ್ಲಿ ನನಗೆ ಗಂಡುಮಗು ಹುಟ್ಟಿದೆ. ತೀರಿಕೊಂಡ ಮಾವನವರ ಹೆಸರಿಟ್ಟೆವು, ಆಂಬ್ರೋಸ್. ಮರದ ಗುಡಿಸಲು, ಮೀನಿನ ವಾಸನೆ, ಮಂಜು. ಕೂಸು ಮಲಗಿದರೆ ಉಸಿರಾಡುತ್ತಿದೆಯೇ ಎಂದು ಅಂಗೈ ಅದರ ಮೂಗಿಗೆ ಹಿಡಿಯುತ್ತೇನೆ. ಹಿಡಿದ ಕೈ ತೆಗೆಯಲು ಆಗುವುದಿಲ್ಲ. ‘ನೀನು ನಿದ್ದೆ ಮಾಡದಿದ್ರೆ ಅವನು ಉಸಿರಾಡೋದು ಜಾಸ್ತಿ ಆಗುತ್ತಾ?’ ಎಂದು ಗಿಲ್ಬರ್ಟ್ ರೇಗುತ್ತಾರೆ. ಒಂದು ಮಗುವನ್ನು ಕಣ್ಣಿನಿಂದ ದೂರ ಮಾಡಿದವಳಿಗೆ ಇನ್ನೊಂದರ ಮೇಲಿನ ಕಣ್ಣು ಮುಚ್ಚಲಾಗುವುದಿಲ್ಲ ಎಂದು ಅವರಿಗೆ ಹೇಗೆ ಹೇಳಲಿ.

ಈಗ ದಾರಿಯೊಂದಿದೆ. ಕೈದಿಗಳನ್ನು ಬದಲಾಯಿಸುವ ಹಡಗು ಬಿಳಿ ಬಾವುಟ ಕಟ್ಟಿಕೊಂಡು ಬರುತ್ತದಲ್ಲ, ಅದರಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಕಳಿಸುತ್ತಿದ್ದಾರೆ. ವಸಂತದಲ್ಲಿ ಕೆಜಾಯಾಳನ್ನು ಅದಕ್ಕೆ ಹತ್ತಿಸು. ಅಷ್ಟು ಹೊತ್ತಿಗೆ ಮೂರು ವರ್ಷವಾಗುತ್ತದೆ. ಇನ್ನು ಸಾಕು. ಅವಳನ್ನು ಸಾಕಿದ ಋಣವನ್ನು ನಾನು ಸಾಯುವವರೆಗೆ ನೆನೆಯುತ್ತೇನೆ, ಆದರೆ ಕಳಿಸು.

ಜೆರೂಶಾ


ಎಲ್ಮ್‌ಬರಿ
೫ ಅಕ್ಟೋಬರ್ ೧೭೭೮

ಜೆರೂಶಾ,

ಆಗಸ್ಟಿನಲ್ಲಿ ಊರಿಗೆ ರಕ್ತಭೇದಿ ಬಂತು. ಹನ್ನೊಂದು ಮಕ್ಕಳು ಹೋದವು.

ಹಡಗಿನ ಮಾತು ಇನ್ನು ಬೇಡ.

ಸೆಪ್ಟೆಂಬರ್ ಇಪ್ಪತ್ತಕ್ಕೆ ನನಗೆ ಹೆಣ್ಣು ಮಗು ಹುಟ್ಟಿತು. ಅವಳಿಗೆ ಕೆಜಾಯಾ ಎಂದು ಹೆಸರಿಟ್ಟಿದ್ದೇವೆ.

ಹಲ್ಡಾ


ಹ್ಯಾಲಿಫ್ಯಾಕ್ಸ್
೧೪ ಮಾರ್ಚ್ ೧೭೭೯

ಅಕ್ಕ,

ನೀನು ಬರೆಯಲಾರದೆ ಬರೆದದ್ದನ್ನು ಓದಿಕೊಂಡೆ. ಹೆಸರು ಖಾಲಿಯಾಗಿದೆ ಎಂದು ಹೇಳುವುದಕ್ಕೆ ಅಪ್ಪನ ಮಕ್ಕಳ ನಡುವೆ ಹೆಚ್ಚು ಮಾತು ಬೇಕಿಲ್ಲ. ಡೀಕನ್ನಿನ ಎದುರು ಅಳುತ್ತಾ ಬರೆಯುವುದು ನಿನಗೆ ಬೇಡವಾಗಿತ್ತು, ಅದೂ ಅರ್ಥವಾಯಿತು.

ಕೆಲವು ಮಾತು ಕೇಳುತ್ತೇನೆ, ಆದಷ್ಟಕ್ಕೆ ಉತ್ತರ ಕೊಡು. ತುಂಬಾ ದಿನ ನರಳಿದಳೆ? ಕೊನೆಗೆ ನೀರು ಕೇಳಿದಳೆ, ಕೊಟ್ಟಿರಾ, ಇಲ್ಲ ವೈದ್ಯರು ಬೇಡವೆಂದರಾ? ಅವಳನ್ನು ತೊಳೆದವರು ಯಾರು? ಅಪ್ಪನ ಸಮಾಧಿಯ ಸಾಲಿನಲ್ಲಿಯೇ ಜಾಗ ಸಿಕ್ಕಿತೆ? ನಾಲ್ಕು ವರ್ಷದ ಮಗುವಿಗೆ ಎಷ್ಟು ಎತ್ತರದ ಕಲ್ಲು ನೆಡುತ್ತಾರೆ? ಅವಳ ಎತ್ತರ ನನಗೆ ಗೊತ್ತಿಲ್ಲ. ಈ ಗೋಡೆಯ ಮೇಲೆ ಅಂದಾಜಿನಲ್ಲಿ ಒಂದು ಗೆರೆ ಹಾಕಿ ನೋಡಿದೆ. ಆಂಬ್ರೋಸ್ ಬಂದು ಅದರ ಪಕ್ಕ ನಿಂತುಕೊಂಡ, ತನ್ನನ್ನು ಅಳೆಯುತ್ತಿದ್ದೇನೆ ಎಂದುಕೊಂಡು.

ಒಂದು ಎಳೆ ಕೂದಲಿದ್ದರೆ ಕಳಿಸು.

ನನ್ನ ಕೂಸಿಗೆ ಹಾಲು ಕೊಟ್ಟವಳು ನೀನು. ಅವಳ ಹೆಸರು ಮಣ್ಣಾಗದ ಹಾಗೆ ಎತ್ತಿಕೊಂಡವಳೂ ನೀನೇ. ನಿನ್ನ ಹೊಸ ಕೆಜಾಯಾಗೆ ದೇವರು ನೂರು ವರ್ಷ ಕೊಡಲಿ. ಅವಳನ್ನು ಎಡ ಮಗ್ಗುಲಿಗೆ ಮಲಗಿಸು.

ನಿನ್ನ ಜೆರೂಶಾ


ಎಲ್ಮ್‌ಬರಿ
೩ ಸೆಪ್ಟೆಂಬರ್ ೧೭೭೯

ಜೆರೂಶಾ,

ಕೂದಲು ಇಟ್ಟಿದ್ದೇನೆ. ನೀನು ಕೇಳಿದ ಮಿಕ್ಕ ಯಾವುದಕ್ಕೂ ಉತ್ತರ ಬರೆಯುವ ಶಕ್ತಿ ನನಗಿಲ್ಲ. ಇನ್ನು ಕೇಳಬೇಡ.

ಹಲ್ಡಾ


ಹ್ಯಾಲಿಫ್ಯಾಕ್ಸ್
೮ ಜೂನ್ ೧೭೮೩

ಹಲ್ಡಾ,

ನಾಲ್ಕು ವರ್ಷ ನಿನ್ನನ್ನು ಏನೂ ಕೇಳಲಿಲ್ಲ. ನೀನು ಕಳಿಸಿದ ಕೂದಲನ್ನು ಗಾಜಿನ ಡಬ್ಬಿಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡು ಓಡಾಡಿದೆ.

ಸೋತ ಕಡೆಯವರು ಈಗ ಹಡಗು ಹಡಗಾಗಿ ಇಲ್ಲಿ ಬಂದು ಇಳಿಯುತ್ತಿದ್ದಾರೆ. ಹೋದ ವಾರ ಬಂದರಿನ ಕಟ್ಟೆಯಲ್ಲಿ ನಿಮ್ಮೂರಿನ ಸೂಲಗಿತ್ತಿ ಟ್ಯಾಬಿತಾಜ್ಜಿ ಗಂಟಿನ ಮೇಲೆ ಕೂತಿದ್ದಳು. ಮಗ ರಾಜನ ಪಡೆಯಲ್ಲಿದ್ದನಂತೆ, ಊರು ಬಿಡಿಸಿದ್ದಾರೆ. ಮನೆಗೆ ಕರೆತಂದು ಗಂಜಿ ಕೊಟ್ಟೆ. ಆಮೇಲೆ ಕೇಳಿದೆ.

‘ಅಜ್ಜಿ, ನನ್ನ ಮಗಳಿಗೆ ಕಲ್ಲು ನೆಟ್ಟಿದ್ದಾರಾ?’

‘ಯಾವ ಮಗಳಿಗೆ ತಾಯೀ?’

‘ಕೆಜಾಯಾಗೆ. ರಕ್ತಭೇದಿ ಬಂದ ವರ್ಷ ಹೋದಳಲ್ಲ.’

ಅವಳು ಚಮಚ ಕೆಳಗಿಟ್ಟಳು. ‘ಆ ವರ್ಷ ಹೋದ ಹನ್ನೊಂದೂ ಮಕ್ಳಿಗೆ ಸ್ನಾನ ಮಾಡ್ಸಿ ಬಟ್ಟೆ ಸುತ್ತಿದ್ದು ಈ ಕೈಯಿ. ಅದ್ರಲ್ಲಿ ನಿನ್ ಮಗು ಇರ್ಲಿಲ್ಲ ಕಣವ್ವ. ನಿಮ್ಮಕ್ಕನ ಮನೇಲಿ ಡಾರ್ಕಸ್ ಅಂತ ಇದಾಳಲ್ಲ, ಎತ್ತರಕ್ಕೆ, ನಿನ್ ಥರಾನೇ ಹುಬ್ಬು ಗಂಟಿಕ್ಕೊಂಡು? ಅವಳೇ. ಊರಿಗೆಲ್ಲ ಗೊತ್ತು. ನಿಂಗೆ ಗೊತ್ತಿಲ್ವಾ?’

ಊರಿಗೆಲ್ಲ ಗೊತ್ತು! ನನ್ನ ಕಾಗದವನ್ನು ಜೋರಾಗಿ ಓದಿದ ಡೀಕನ್‌ಗೆ ಗೊತ್ತು. ಎಷ್ಟು ಎತ್ತರದ ಕಲ್ಲು ನೆಡುತ್ತಾರೆ ಎಂದು ನಾನು ಕೇಳಿದ್ದನ್ನು ಮದ್ಯದಂಗಡಿಯ ಬಾಗಿಲಲ್ಲಿ ಕೇಳಿಸಿಕೊಂಡವರಿಗೆಲ್ಲ ಗೊತ್ತು. ಅವರ ಎದುರಿನಲ್ಲೇ ಆಡುತ್ತಿದ್ದ ಹುಡುಗಿಯ ತಲೆಯಿಂದ ನೀನು ಒಂದು ಎಳೆ ಕತ್ತರಿಸಿ ನನಗೆ ಕಳಿಸಿದೆ. ಕತ್ತರಿಸುವಾಗ ಅವಳಿಗೆ ಏನೆಂದು ಹೇಳಿದೆ, ಹಲ್ಡಾ?

ನೀನು ಒಂದೇ ಒಂದು ಸುಳ್ಳನ್ನೂ ಬರೆದಿಲ್ಲ. ಕಾಗದಗಳನ್ನೆಲ್ಲ ತೆಗೆದು ನೋಡಿದೆ, ಒಂದೂ ಇಲ್ಲ. ಅಪ್ಪನ ಪದ್ಧತಿ ನನಗೆ ಗೊತ್ತಿದೆಯೆಂಬುದು ನಿನಗೆ ಗೊತ್ತಿತ್ತು, ಅಷ್ಟೇ ಸಾಕಾಯಿತು.

ಈಗ ನಾನು ಬರೆಯದೆ ಉಳಿಸಿದ್ದನ್ನು ಕೇಳು. ೧೭೭೫ರಲ್ಲಿ ನನಗೆ ಬಂದದ್ದು ‘ಸ್ವಲ್ಪ ಜ್ವರ’ ಅಲ್ಲ. ಸಿಡುಬು. ನವೆಂಬರಿನ ಆ ಪಟ್ಟಿಯಲ್ಲಿ ಹೆಸರು ಹೇಗಿರುತ್ತದೆ? ನಾನು ಕಣ್ಣು ಬಿಡಲಾಗದೆ ಬಿದ್ದಿದ್ದೆ. ಹಾಗೆಂದು ಬರೆದಿದ್ದರೆ ನಿಮ್ಮ ಸಮಿತಿ ಕಾಗದವನ್ನು ಸುಡುತ್ತಿತ್ತು, ನಿನಗೆ ನನ್ನ ಸುದ್ದಿಯೇ ಇರುತ್ತಿರಲಿಲ್ಲ. ಕಾವಲು ಸಾಲಿನ ಹತ್ತಿರ ಮಗುವನ್ನು ಮುಟ್ಟುವುದಿಲ್ಲ ಎಂದದ್ದು ಅದಕ್ಕೆ. ನನ್ನ ಬಟ್ಟೆಯ ಗಾಳಿ ಕೂಡ ಅವಳಿಗೆ ತಾಗಬಾರದೆಂದು. ನನ್ನ ಮುಖ ನೋಡಿದರೆ ಈಗ ನಿನಗೆ ಗುರುತು ಹತ್ತುವುದಿಲ್ಲ.

ಯುದ್ಧ ಮುಗಿದಿದೆ. ಊರಿಗೆ ಕಾಲಿಡಬಾರದೆಂಬ ಕಾನೂನಿನಲ್ಲಿ ಗಿಲ್ಬರ್ಟ್ ಹೆಸರಿದೆ, ನನ್ನದಿಲ್ಲ. ನನ್ನ ಮಗಳನ್ನು ಕಳಿಸು. ಇಲ್ಲವೆಂದರೆ ನಾನೇ ಬರುತ್ತೇನೆ.

ಜೆರೂಶಾ


ಎಲ್ಮ್‌ಬರಿ
೨೦ ಸೆಪ್ಟೆಂಬರ್ ೧೭೮೩

ಜೆರೂಶಾ,

ಈ ಕಾಗದಕ್ಕೆ ಮುದ್ರೆ ಇದೆ. ಎಂಟು ವರ್ಷದ ಮೇಲೆ ಮೊದಲ ಸಲ ಯಾರೂ ಓದದ ಕಾಗದ ಬರೆಯುತ್ತಿದ್ದೇನೆ. ಹೇಳದೆ ಇರುವುದಕ್ಕೆ ಇನ್ನು ಡೀಕನ್ನಿನ ನೆಪವಿಲ್ಲ.

ಮೊದಲ ಚಳಿಗಾಲದಲ್ಲಿ, ಒಲೆಯ ಹತ್ತಿರ ಹೋಗುತ್ತಿದ್ದವಳನ್ನು ಗಾಬರಿಯಲ್ಲಿ ‘ಡಾರ್ಕಸ್!’ ಎಂದು ಕೂಗಿದೆ. ಬಾಯಿತಪ್ಪಿ ಬಂದ ಹೆಸರು. ಅವಳು ತಿರುಗಿ ನೋಡಿದಳು. ಮಾರನೆಯ ದಿನ ಬೇಕೆಂದೇ ಕೂಗಿದೆ. ಮನೆಗೆ ಬರುವ ಮುಂದಿನ ಹೆಣ್ಣಿಗೆ ಆ ಹೆಸರನ್ನು ಜೋಪಾನ ಮಾಡೆಂದು ನೀನೇ ಬರೆದಿದ್ದೆ. ಮನೆಗೆ ಬಂದ ಮುಂದಿನ ಹೆಣ್ಣು ಅವಳೇ.

ಆದರೂ ಹೊರಗಿನವರಿಗೆ ಅವಳು ಕೆಜಾಯಾ ಪೆಲ್ ಆಗಿಯೇ ಇದ್ದಳು. ಘೋಷಣೆ ಓದಿದ ವರ್ಷ ಹುಡುಗರು ‘ರಾಜನ ಮರಿ, ರಾಜನ ಮರಿ’ ಎಂದು ಬೀದಿಯಲ್ಲಿ ಕಲ್ಲು ಹೊಡೆದರು. ಎರಡು ವರ್ಷದ ಮಗು, ಕಿವಿಯ ಹಿಂದೆ ರಕ್ತ. ಎನೋಸ್ ಅವತ್ತೇ ಹೋಗಿ ಊರಿನ ಪುಸ್ತಕದಲ್ಲಿ ಡಾರ್ಕಸ್ ವಾರ್ಡ್‌ವೆಲ್ ಎಂದು ಬರೆಸಿ ಬಂದರು. ‘ಇನ್ನು ಯಾವನಾದ್ರೂ ಕಲ್ಲೆತ್ತಿದ್ರೆ ನನ್ನ ಮಗಳಿಗೆ ಹೊಡ್ದ ಹಾಗೆ’ ಎಂದರು. ಕಲ್ಲು ನಿಂತಿತು. ಬಾಸ್ಟನ್ನಿನ ಕಲ್ಲಿಗೆ ಹೆದರಿ ಅವಳನ್ನು ನನ್ನ ಹತ್ತಿರ ಕಳಿಸಿದವಳು ನೀನು. ಇಲ್ಲಿಯ ಕಲ್ಲಿನಿಂದ ಅವಳನ್ನು ಉಳಿಸಿದ್ದು ಆ ಹೆಸರು.

ಕಳಿಸು ಎಂಬ ನಿನ್ನ ಕಾಗದ ಬಂದಾಗ ಹೊಟ್ಟೆಯಲ್ಲಿ ಇನ್ನೊಂದಿತ್ತು. ಹುಟ್ಟಿದ್ದು ಹೆಣ್ಣು. ಕೆಜಾಯಾ ಎಂಬ ಹೆಸರು ಖಾಲಿ ಬಿದ್ದಿತ್ತು, ಇಟ್ಟೆ. ನಿನಗೆ ಬರೆಯುವಾಗ ನೀನು ಹೇಗೆ ಓದುತ್ತೀಯೆಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎನ್ನುವುದಿಲ್ಲ. ಕೂದಲು ಕತ್ತರಿಸುವಾಗ ಅವಳಿಗೆ, ದೂರದ ಚಿಕ್ಕಮ್ಮನಿಗೆ ನಿನ್ನ ನೆನಪಿಗೆ ಬೇಕಂತೆ ಎಂದೆ.

ಸಿಡುಬಿನ ವಿಷಯ ಓದಿ ಎರಡು ದಿನ ಊಟ ಸೇರಲಿಲ್ಲ. ಗಂಡನಿಗೋಸ್ಕರ ಮಗುವನ್ನು ಬಿಟ್ಟವಳು ಎಂದು ಎಂಟು ವರ್ಷ ನಿನ್ನನ್ನು ಬೈದುಕೊಂಡೇ ಅವಳ ತಲೆ ಬಾಚಿದ್ದೇನೆ. ಆ ಸಿಟ್ಟು ಈಗ ನನಗಿಲ್ಲ. ಅದು ಹೋದ ಮೇಲಾದರೂ ಕಳಿಸುವ ಮನಸ್ಸು ಬರುತ್ತದೇನೋ ಎಂದು ಕಾದೆ. ಬರಲಿಲ್ಲ.

ನೀನು ಬಂದರೆ ಏನಾಗುತ್ತದೆಂದು ತಿಳಿಸುವುದು ನನ್ನ ಕರ್ತವ್ಯ. ಹೊರಗಿನಿಂದ ಬಂದವರಿಗೆ ಹದಿನಾಲ್ಕು ದಿನದಲ್ಲಿ ಊರು ಬಿಡಿ ಎಂದು ಚೀಟಿ ಕೊಡುವ ಹಳೆಯ ಪದ್ಧತಿ ಇನ್ನೂ ಇದೆ. ಎನೋಸ್ ಈಗ ಊರು ಆರಿಸಿದ ಹಿರಿಯರಲ್ಲಿ ಒಬ್ಬರು. ಆ ಚೀಟಿಗೆ ಸಹಿ ಹಾಕುವವರು ಅವರೇ. ನೀನು ಹುಟ್ಟಿದ ಊರಿನಲ್ಲಿ ನಿನ್ನ ಭಾವನ ಕೈಯಿಂದ ಆ ಚೀಟಿ ಪಡೆಯಬೇಡ.

ಅವಳನ್ನೇ ಕೇಳಿದೆ. ಒಪ್ಪಿಗೆಯಿಲ್ಲದೆ ಯಾರನ್ನೂ ಯಾರೂ ಆಳಬಾರದೆಂದೇ ಅಲ್ಲವೆ ನಾವು ಇಷ್ಟು ಜನರನ್ನು ಮಣ್ಣಿಗೆ ಹಾಕಿದ್ದು. ಹ್ಯಾಲಿಫ್ಯಾಕ್ಸಿನ ಚಿಕ್ಕಮ್ಮ ನಿನ್ನನ್ನು ತನ್ನ ಜೊತೆ ಇಟ್ಟುಕೊಳ್ಳುತ್ತಾಳಂತೆ, ಹೋಗುತ್ತೀಯಾ ಎಂದೆ. ‘ಯಾಕಮ್ಮ? ನಾನೇನ್ ತಪ್ಪು ಮಾಡ್ದೆ?’ ಎಂದಳು.

ಅವಳಿಗೆ ನಿಜ ಹೇಳಿಲ್ಲ. ಹೇಳುವುದೂ ಇಲ್ಲ. ಕೆಳಗೆ ಎರಡು ಸಾಲು ಬರೆಯಿಸಿದ್ದೇನೆ, ಅವಳ ಅಕ್ಷರ ನೋಡಲೆಂದು. ಬರೆದದ್ದನ್ನು ನಾನು ತಿದ್ದಿಲ್ಲ.

ಹಲ್ಡಾ

ಪ್ರೀತಿಯ ಚಿಕ್ಕಮ್ಮನಿಗೆ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ನನಗೆ ನೂಲಲು ಬರುತ್ತದೆ, ಘೋಷಣೆ ಅರ್ಧ ಬಾಯಿಪಾಠ ಬರುತ್ತದೆ. ತಂಗಿ ಕೆಜಾಯಾ ನನ್ನ ಶಾಯಿ ಚೆಲ್ಲಿದಳು, ಅದಕ್ಕೆ ಇಲ್ಲಿ ಕಲೆ. ನೀವು ಇರುವ ಕಡೆ ಇನ್ನೂ ರಾಜ ಇದ್ದಾನಂತೆ, ಹೌದಾ? ನಿಮ್ಮನ್ನು ನೆನೆದರೆ ಪಾಪ ಅನಿಸುತ್ತದೆ. ನಿಮ್ಮ ವಿಧೇಯ ಡಾರ್ಕಸ್ ವಾರ್ಡ್‌ವೆಲ್.


ಹ್ಯಾಲಿಫ್ಯಾಕ್ಸ್
೨ ಮೇ ೧೭೮೪

ಶ್ರೀಮತಿ ವಾರ್ಡ್‌ವೆಲ್ ಅವರಿಗೆ,

ನಾನು ಬರುವುದಿಲ್ಲ. ಹಡಗಿನ ಮಾತು ಇನ್ನು ಬೇಡ.

ನಿಮ್ಮ ಹಿರಿಯ ಮಗಳು ಕೇಳಿದ್ದಕ್ಕೆ ಉತ್ತರ: ಹೌದು, ನಮಗೆ ಇನ್ನೂ ರಾಜನಿದ್ದಾನೆ. ಅಕ್ಷರ ದುಂಡಗಿದೆಯೆಂದು ಅವಳಿಗೆ ತಿಳಿಸಿ.

ಏಪ್ರಿಲ್ ಹದಿನೆಂಟಕ್ಕೆ ನನಗೆ ಹೆಣ್ಣು ಮಗು ಹುಟ್ಟಿತು. ಅವಳಿಗೆ ಹಲ್ಡಾ ಎಂದು ಹೆಸರಿಟ್ಟಿದ್ದೇವೆ.

ಜೆರೂಶಾ ಪೆಲ್